ಇನ್‌ಟೇಕ್ ಸೀಲ್ ಬದಲಿಸುವ ಮುನ್ನ: ಯಾವ ಸೀಲ್, ಯಾರ ಕೈ, ಎಷ್ಟು ಬಿಗಿ

ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದರೆ ಬೈಕು ಒಂದೇ ಏಟಿಗೆ ಶುರುವಾಗುತ್ತದೆ. ಚೋಕ್ ಇಳಿಸಿದ ಕೂಡಲೇ ಸತ್ತುಹೋಗುತ್ತದೆ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಓಡುವ ವೇಗ, ಹೊಂದಿಸುವ ಸ್ಕ್ರೂ ತಿರುಗಿಸಿ ಹೇಗೋ ಸಾಯದಂತೆ ಹಿಡಿದಿಟ್ಟರೆ, ನಾಲ್ಕು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಅದೇ ಎಂಜಿನ್, ಯಾರೋ ಆಕ್ಸಿಲರೇಟರ್ ತಿರುವಿ ಹಿಡಿದಂತೆ ಅರಚುತ್ತದೆ. ಪಕ್ಕದ ಆಟೋದವರು ತಿರುಗಿ ನೋಡುತ್ತಾರೆ. ನಮ್ಮ ಮನೆಯ ಹಳೆಯ ಸ್ಪ್ಲೆಂಡರ್ ಹೀಗೆ ಮಾಡತೊಡಗಿದಾಗ ಒಂದು ಗ್ಯಾರೇಜಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಮೂರು ಸಲ ತೊಳೆದರು. ನಾಲ್ಕನೆಯ ಸಲ ಹೋದಾಗ, "ಕಾರ್ಬುರೇಟರೇ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ" ಎಂದರು. ಹೋಗಿದ್ದದ್ದು ಕಾರ್ಬುರೇಟರ್ ಅಲ್ಲ. ಅದರ ಹಿಂದೆ ಕೂತಿದ್ದ, ಮಸಾಲೆ ದೋಸೆಗಿಂತ ಕಡಿಮೆ ಬೆಲೆಯ ರಬ್ಬರ್ ಬಳೆ.

ಅಂದಿನಿಂದ ನಮ್ಮ ಮನೆಯ ಗಾಡಿಗಳಿಗೂ ನೆಂಟರಿಷ್ಟರ ಗಾಡಿಗಳಿಗೂ ಈ ಕೆಲಸವನ್ನು ಹಲವು ಬಾರಿ ಮಾಡಿದ್ದೇನೆ. ಬಿಚ್ಚಿ ಹಾಕುವುದು ಕಷ್ಟವಲ್ಲ. ತಲೆಕೆಡುವುದು ಆಯ್ಕೆಯ ಹಂತದಲ್ಲಿ: ಮನೆಯಲ್ಲೇ ಮಾಡುವುದೋ ಗ್ಯಾರೇಜಿಗೆ ಕೊಡುವುದೋ, ಕಂಪನಿಯ ಬಿಡಿಭಾಗವೋ ಹೊರಗಿನದೋ, ಯಾವ ರಬ್ಬರು, ಪೇಸ್ಟ್ ಹಚ್ಚಬೇಕೋ ಬೇಡವೋ. ಇವಕ್ಕೆಲ್ಲ ನನ್ನ ಉತ್ತರ ಒಂದೇ ಕಡೆಗೆ ಬಂದು ನಿಲ್ಲುತ್ತದೆ: ಸೀಲ್ ಯಾವುದೆಂದು ಯೋಚಿಸುವಷ್ಟೇ ಹೊತ್ತನ್ನು ಸೀಲ್ ಕೂರುವ ಜಾಗಕ್ಕೂ ಕೊಡಬೇಕು. ಜಾಗ ಸೊಟ್ಟಗಿದ್ದರೆ ಚಿನ್ನದ ರಿಂಗ್ ಹಾಕಿದರೂ ಗಾಳಿ ಎಳೆಯುತ್ತದೆ.

ಮೊದಲು ಮಾತಿನ ಒಂದು ತೊಡಕು ಬಿಡಿಸಿಕೊಳ್ಳೋಣ. ಅಂಗಡಿಯಲ್ಲಿ "ಇನ್‌ಟೇಕ್ ಸೀಲ್ ಕೊಡಿ" ಎಂದರೆ ಹುಡುಗ ವಾಲ್ವ್ ಸೀಲ್ ತಂದು ಕೈಗಿಡುವ ಸಾಧ್ಯತೆ ಇದೆ. ಅದು ಬೇರೆಯೇ ವಸ್ತು. ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ಪುಟ್ಟ ಟೋಪಿ ಅದು. ಅದು ಸವೆದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಅದನ್ನು ಬದಲಿಸಲು ಸಾಮಾನ್ಯವಾಗಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕು. ನಾವಿಲ್ಲಿ ಮಾತಾಡುತ್ತಿರುವುದು ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಸಂದುಗಳನ್ನು ಮುಚ್ಚುವ ಓ ರಿಂಗ್ (ರಬ್ಬರ್ ಬಳೆ), ಪ್ಯಾಕಿಂಗ್ (ನಡುವೆ ಇಡುವ ತೆಳು ಹಾಳೆ), ರಬ್ಬರ್ ಮ್ಯಾನಿಫೋಲ್ಡ್ (ಕಾರ್ಬುರೇಟರ್ ಕೂರುವ ರಬ್ಬರ್ ಕುತ್ತಿಗೆ) ಇವುಗಳ ಬಗ್ಗೆ. ಅಂಗಡಿಯಲ್ಲಿ ಈ ಹೆಸರುಗಳಿಂದಲೇ ಕೇಳಿ, ಸಾಧ್ಯವಾದರೆ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ರೋಗ ಇದೇ ಹೌದೇ?

ಈ ಸಂದಿನಲ್ಲಿ ಸೋರಿಕೆಯಾದರೆ ಪೆಟ್ರೋಲ್ ಹೊರಗೆ ಸುರಿಯುವುದಿಲ್ಲ, ಹಾಗಾಗಿ ಕಣ್ಣಿಗೆ ಏನೂ ಕಾಣುವುದಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಕಾರ್ಬುರೇಟರ್ ಅಳೆದು ಕಳಿಸಿದ ಮಿಶ್ರಣಕ್ಕೆ ಲೆಕ್ಕವಿಲ್ಲದ ಗಾಳಿ ಸೇರುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ತಿರುವಿದಾಗ ತೆರೆಯುವ ಬಾಗಿಲು) ಮುಚ್ಚಿದ್ದಾಗ ಒಳಗಿನ ಎಳೆತ ಅತಿ ಹೆಚ್ಚು, ಆದ್ದರಿಂದ ತೊಂದರೆಯೂ ಐಡ್ಲಿಂಗ್‌ನಲ್ಲೇ ಹೆಚ್ಚು. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ನಿಧಾನಕ್ಕೆ ಇಳಿಯುವುದು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಎನ್ನುವುದು, ಪ್ಲಗ್ಗಿನ ತುದಿ ಬೂದಿ ಬಳಿದಂತೆ ಬಿಳಿಚಿಕೊಳ್ಳುವುದು, ಮಿಶ್ರಣ ಹೊಂದಿಸುವ ಏರ್ ಸ್ಕ್ರೂವನ್ನು ಯಾವ ಕಡೆ ತಿರುಗಿಸಿದರೂ ಎಂಜಿನ್ ಕಿವಿಗೆ ಹಾಕಿಕೊಳ್ಳದಿರುವುದು ಇದರ ಲಕ್ಷಣಗಳು. ಕೊನೆಯದನ್ನು ನಾನು ಹೆಚ್ಚು ನಂಬುತ್ತೇನೆ.

ಆದರೆ ಇದೇ ವೇಷ ತೊಟ್ಟು ಬರುವ ಬೇರೆ ರೋಗಗಳೂ ಇವೆ. ಆಕ್ಸಿಲರೇಟರ್ ಕೇಬಲ್ಲಿಗೆ ಸಡಿಲವೇ ಇಲ್ಲದಿದ್ದರೂ ಐಡ್ಲಿಂಗ್ ಏರುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಶಬ್ದ ಬದಲಾದರೆ ತಪ್ಪು ಕೇಬಲ್ಲಿನದು. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಪೈಲಟ್ ಜೆಟ್, ಕಟ್ಟಿಕೊಂಡಿದ್ದರೂ ಚೋಕ್ ಇಳಿಸಿದ ಕೂಡಲೇ ಎಂಜಿನ್ ಸಾಯುತ್ತದೆ. ಇವೆರಡನ್ನೂ ಮೊದಲು ತಳ್ಳಿಹಾಕಿ.

ಸೋರಿಕೆ ಹುಡುಕಲು ಜನ ಬಳಸುವ ವಿಧಾನಗಳಲ್ಲಿ ಆರಿಸಿಕೊಳ್ಳಬೇಕಾದದ್ದು ಸುರಕ್ಷತೆ ನೋಡಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಚುರುಕು. ಸಂದಿನ ಮೇಲೆ ಚಿಮುಕಿಸಿದ ಕ್ಷಣದಲ್ಲೇ ಎಂಜಿನ್ ಶಬ್ದ ಬದಲಾಗುತ್ತದೆ, ಆದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಅಲ್ಲೇ ಪಕ್ಕದಲ್ಲಿ ಬಿಸಿ ಸೈಲೆನ್ಸರ್ ಕೊಳವೆ ಇರುತ್ತದೆ. ಪೆಟ್ರೋಲ್ ಸುರಿದು ನೋಡುವವರನ್ನೂ ಕಂಡಿದ್ದೇನೆ, ದಯವಿಟ್ಟು ಬೇಡ. ನಮ್ಮ ಬೀದಿಯ ಹಿರಿಯರೊಬ್ಬರು ಊದಿನಕಡ್ಡಿ ಹಚ್ಚಿ ಹೊಗೆ ಎತ್ತ ಎಳೆಯುತ್ತದೆ ನೋಡು ಎಂದರು. ಉಪಾಯವೇನೋ ಚೆನ್ನಾಗಿದೆ, ಆದರೆ ಕಾರ್ಬುರೇಟರಿನ ತಳದಲ್ಲಿರುವ, ಪೆಟ್ರೋಲ್ ತುಂಬಿದ ಬಟ್ಟಲಿನ ಪಕ್ಕದಲ್ಲಿ ಕೆಂಡ ಹಿಡಿಯುವುದು ಪೂಜೆಯಲ್ಲ. ನಾನು ಬಳಸುವುದು ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ನವಿರಾದ ತುಂತುರನ್ನು ಸಂದಿನ ಮೇಲೆ ಬಿಟ್ಟಾಗ ಎಂಜಿನ್ ಒಮ್ಮೆ ಮುಗ್ಗರಿಸಿದರೆ, ಅಥವಾ ಏರಿದ್ದ ಶಬ್ದ ಒಂದು ಕ್ಷಣ ಕುಸಿದರೆ ಕಳ್ಳ ಸಿಕ್ಕಂತೆ. ಸಣ್ಣ ಸೋರಿಕೆಯನ್ನು ನೀರು ಹಿಡಿದು ತೋರಿಸದೇ ಇರಬಹುದು, ಆಗ ಎರಡು ಮೂರು ಸಲ ಬೇರೆ ಬೇರೆ ಕಡೆಯಿಂದ ಚಿಮುಕಿಸಬೇಕು. ಏರ್ ಫಿಲ್ಟರ್ ಬಾಯಿಗೂ ಪ್ಲಗ್ ಟೋಪಿಗೂ ನೀರು ತಾಗಿದರೆ ಸುಳ್ಳು ಉತ್ತರ ಬರುತ್ತದೆ.

ನಿಮ್ಮ ಗಾಡಿಯ ಸಂದು ಯಾವ ಬಗೆಯದು?

ನಮ್ಮ ರಸ್ತೆಗಳಲ್ಲಿ ಓಡಾಡುವ ಕಾರ್ಬುರೇಟರ್ ಗಾಡಿಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

1994ರಲ್ಲಿ ಬಂದ ಸ್ಪ್ಲೆಂಡರ್ ಮತ್ತು ಅದೇ 97.2 ಸಿ.ಸಿ. ಎಂಜಿನ್ನಿನ ಅಣ್ಣತಮ್ಮಂದಿರಲ್ಲಿ ಹೆಡ್‌ಗೆ ಒಂದು ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಶಾಖ ತಡೆಯುವ ಕಪ್ಪು ಬಿಲ್ಲೆ, ಅದರ ಮೇಲೆ ಕಾರ್ಬುರೇಟರ್. ಬಿಲ್ಲೆ ನೋಡಲು ಹಳೆಯ ಬೇಕಲೈಟ್ ಸ್ವಿಚ್ಚಿನಂತೆ ಇರುತ್ತದೆ. ಇವುಗಳ ನಡುವೆ ಓ ರಿಂಗ್‌ಗಳು. ಕಾರ್ಬುರೇಟರ್ ಕಡೆಯ ಒಂದನ್ನು ಮಾತ್ರ ಬದಲಿಸಿ ಹೆಡ್ ಕಡೆಯದನ್ನು ಮರೆಯುವುದು ಸಾಮಾನ್ಯ ತಪ್ಪು. ಬಿಚ್ಚಿದ ಮೇಲೆ ಎಲ್ಲವನ್ನೂ ಬದಲಿಸಿ, ಉಳಿಸುವಂಥ ದುಡ್ಡೇನೂ ಅಲ್ಲಿಲ್ಲ. ಮನೆಯಲ್ಲಿ ಮೊದಲ ಸಲ ಕೈಹಾಕುವವರಿಗೆ ಈ ಗುಂಪೇ ಸುಲಭ.

ಎರಡನೆಯ ಗುಂಪಿನಲ್ಲಿ ಕಾರ್ಬುರೇಟರ್ ಒಂದು ದಪ್ಪ ರಬ್ಬರ್ ಕುತ್ತಿಗೆಯೊಳಗೆ ಕೂತಿರುತ್ತದೆ, ಸುತ್ತ ಕ್ಲ್ಯಾಂಪ್ ಇರುತ್ತದೆ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅಲ್ಲಿ ಈ ರಬ್ಬರ್ ಕುತ್ತಿಗೆಯ ಹಿಂದೆ ಒಳಹೋದ ಮಿಶ್ರಣ ಹಿಂದಕ್ಕೆ ಬಾರದಂತೆ ತಡೆಯುವ ರೀಡ್ ವಾಲ್ವ್, ಅದರ ಹಿಂದೆ ಪ್ಯಾಕಿಂಗ್. ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಫೋರ್ ಸ್ಟ್ರೋಕ್ ಗಾಡಿ ಗಾಳಿ ಎಳೆದರೆ ಕಿರಿಕಿರಿ, ಟೂ ಸ್ಟ್ರೋಕ್ ಗಾಡಿ ಗಾಳಿ ಎಳೆದರೆ ಪಿಸ್ಟನ್ ಜಾಮ್. ಮಿಶ್ರಣ ತೆಳುವಾಗಿ, ಬಿಸಿ ಏರಿ, ಉದ್ದನೆಯ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಹಿಡಿದಿರುವಾಗಲೇ ಅದು ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರವೂ ಅದರ ಜೊತೆಗೆ ನಿಲ್ಲುತ್ತದೆ. ಹಾಗಾಗಿ ಆರ್‌ಎಕ್ಸ್‌ನಲ್ಲಿ ಸಂದೇಹ ಬಂದರೆ "ಈ ಭಾನುವಾರ ನೋಡೋಣ" ಎಂದು ಮುಂದೂಡಬಾರದು. ಇನ್‌ಟೇಕ್ ಕಡೆ ಎಲ್ಲ ಸರಿಯಿದ್ದೂ ಲಕ್ಷಣ ಹೋಗದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಗಾಳಿ ಎಳೆಯುತ್ತಿರಬಹುದು, ಅದು ಅಂಗಳದಲ್ಲಿ ಕೂತು ಮಾಡುವ ಕೆಲಸವಲ್ಲ.

ಮೂರನೆಯದು ಹಳೆಯ ಬುಲೆಟ್‌ನಂಥ ಗಾಡಿಗಳದು. ಕಾರ್ಬುರೇಟರಿನ ಚಪ್ಪಟೆ ಮುಖ, ಹೆಡ್ಡಿನ ಚಪ್ಪಟೆ ಮುಖ, ನಡುವೆ ಪ್ಯಾಕಿಂಗ್ ಮತ್ತು ಶಾಖ ತಡೆಯುವ ದಪ್ಪ ಬಿಲ್ಲೆ. ಬಿಲ್ಲೆಯನ್ನು ಬಿಟ್ಟು ಎರಡು ಕಾಗದದ ಪ್ಯಾಕಿಂಗ್ ಇಟ್ಟು ಬಿಗಿದ ಗಾಡಿಗಳನ್ನು ನೋಡಿದ್ದೇನೆ. ಹೆಡ್ಡಿನ ಬಿಸಿ ನೇರ ಕಾರ್ಬುರೇಟರಿಗೆ ಹರಿದು ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಬಟ್ಟಲಲ್ಲೇ ಕುದಿಯತೊಡಗುತ್ತದೆ. ಆ ದಪ್ಪ ಬಿಲ್ಲೆಯ ಕೆಲಸವೇ ಆ ಬಿಸಿಯನ್ನು ತಡೆಯುವುದು.

2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ಬಹುತೇಕ ಹೊಸ ಗಾಡಿಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ಅವುಗಳಲ್ಲೂ ಇಂಥದೇ ಸೀಲುಗಳಿವೆ, ಜೊತೆಗೆ ಇಂಜೆಕ್ಟರಿಗೂ ತನ್ನದೇ ಓ ರಿಂಗ್ ಇದೆ. ಆದರೆ ಅಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಪೈಪ್ ಸುಮ್ಮನೆ ಎಳೆದರೆ ಕಣ್ಣಿಗೇ ಚಿಮ್ಮಬಹುದು. ವಾರಂಟಿ ಇರುವಷ್ಟು ದಿನ ಅದನ್ನು ಮುಟ್ಟಲು ಹೋಗಬೇಡಿ ಎನ್ನುವುದಷ್ಟೇ ನನ್ನ ಸಲಹೆ.

ರಬ್ಬರಿನಲ್ಲೂ ಜಾತಿಗಳಿವೆ

ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಹಾಕುವ ಕಪ್ಪು ರಿಂಗ್ ಸಿಗುತ್ತದೆ. ಅಳತೆ ಸರಿಯಾಗಿ ಕೂರುತ್ತದೆ. ನೋಡಲು ಒಂದೇ ಥರ. ನಾನೂ ಒಮ್ಮೆ ಜಾಣತನ ಮಾಡಿ ಅದನ್ನೇ ಹಾಕಿದೆ. ಮೂರು ವಾರದ ಮೇಲೆ ಬಿಚ್ಚಿದರೆ ನೆನೆಸಿಟ್ಟ ಕಡಲೆಯಂತೆ ಉಬ್ಬಿ ತಾನು ಕೂರುವ ಕಾಲುವೆಯಿಂದ ಎದ್ದು ಬಂದಿತ್ತು. ನೀರಿನ ಕೆಲಸಕ್ಕೆ ಬಳಸುವ ಇಪಿಡಿಎಂ ಎಂಬ ರಬ್ಬರು ಬಿಸಿನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ, ಪೆಟ್ರೋಲ್ ಕಂಡರೆ ಮಾತ್ರ ಊದಿಕೊಳ್ಳುತ್ತದೆ. ಸಿಲಿಕೋನ್ ರಿಂಗ್‌ಗಳದೂ ಇದೇ ಕಥೆ. ಶಾಖ ತಡೆಯುತ್ತವೆ ಎಂದು ಮಾರುವವರು ಹೇಳುವುದು ನಿಜ, ಪೆಟ್ರೋಲ್ ತಡೆಯುವುದಿಲ್ಲ ಎನ್ನುವುದನ್ನು ಹೇಳುವುದಿಲ್ಲ.

ಹಾಗಾಗಿ ನಿಜವಾದ ಸ್ಪರ್ಧೆ ಇಬ್ಬರ ನಡುವೆ: ನೈಟ್ರೈಲ್ ಮತ್ತು ವೈಟಾನ್. ನೈಟ್ರೈಲ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಪೆಟ್ರೋಲ್ ಮತ್ತು ಆಯಿಲ್‌ಗಾಗಿಯೇ ಹುಟ್ಟಿದ ರಬ್ಬರು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಮದಿಯಾಗಿರುತ್ತದೆ, ಅದರ ಮೇಲೆ ಬಹಳ ಕಾಲ ಬೇಯಿಸಿದರೆ ಗಡುಸಾಗುತ್ತದೆ. ವೈಟಾನ್ 200 ಡಿಗ್ರಿಯವರೆಗೂ ಸುಧಾರಿಸಿಕೊಳ್ಳುತ್ತದೆ, ಬೆಲೆ ಹಲವು ಪಟ್ಟು. ಹೆಡ್‌ಗೆ ಅಂಟಿದ ಸೀಲ್ ಹೆಚ್ಚು ಬೇಯುತ್ತದೆ, ಕಾರ್ಬುರೇಟರ್ ಕಡೆಯದು ಕಡಿಮೆ. ಹಾಗೆಂದ ಮೇಲೆ ಎರಡಕ್ಕೂ ಒಂದೇ ರಬ್ಬರು ಬೇಕೆಂದೇನೂ ಇಲ್ಲ. ನನ್ನ ಗಾಡಿಯಲ್ಲಿ ಹೆಡ್ ಕಡೆ ವೈಟಾನ್, ಕಾರ್ಬುರೇಟರ್ ಕಡೆ ಕಂಪನಿಯ ಮಾಮೂಲಿ ರಿಂಗ್ ಇದೆ.

ಇತ್ತೀಚಿನ ವರ್ಷಗಳಲ್ಲಿ ಈ ತಕ್ಕಡಿಗೆ ಇನ್ನೊಂದು ತೂಕ ಸೇರಿದೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ಅದೂ ನಮ್ಮ ಬೆಂಗಳೂರಿನಲ್ಲಿ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಮಾಮೂಲಿ ನೈಟ್ರೈಲ್ ಶುದ್ಧ ಪೆಟ್ರೋಲಿಗಿಂತ ಹೆಚ್ಚು ಉಬ್ಬುತ್ತದೆ, ವೈಟಾನ್ ಅಷ್ಟು ಕದಲುವುದಿಲ್ಲ. ಇನ್‌ಟೇಕ್ ಸೀಲಿಗೆ ತಾಗುವುದು ಪೆಟ್ರೋಲಿನ ಹನಿ ಹಾಗೂ ಆವಿಯೇ ಹೊರತು ಅದು ಪೆಟ್ರೋಲಿನಲ್ಲಿ ಮುಳುಗಿ ಕೂರುವುದಿಲ್ಲ, ಆದ್ದರಿಂದ ಗಾಬರಿ ಬೀಳಬೇಕಿಲ್ಲ. ಆದರೂ ಇಪ್ಪತ್ತು ವರ್ಷದ ಗಾಡಿಗೆ ಹೊಸ ರಿಂಗ್ ಹುಡುಕುತ್ತಿದ್ದರೆ ಎಥೆನಾಲ್ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬಣ್ಣ ನೋಡಿ ವೈಟಾನ್ ಎಂದು ನಂಬಬೇಡಿ. ಕಂದು ಬಣ್ಣದ್ದೇ ವೈಟಾನ್ ಎಂದು ಅಂಗಡಿಯವರು ಹೇಳುವುದುಂಟು. ಕಪ್ಪು ವೈಟಾನ್ ಇದೆ, ಕಂದು ಬಣ್ಣ ಬಳಿದ ಬೇರೆ ರಬ್ಬರೂ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಅಂಗಡಿಗಳಲ್ಲಿ ಚೀಟಿ ಅಂಟಿಸಿದ ಪೊಟ್ಟಣದಿಂದ ತೆಗೆದು ಕೊಡುವವರ ಬಳಿ ಕೊಳ್ಳುವುದು ವಾಸಿ. ಡಬ್ಬಿಯೊಳಗೆ ಕೈ ಹಾಕಿ "ಇದೇ ಸಾರ್" ಎನ್ನುವವರ ಬಳಿ ಬೇಡ.

ಅಳತೆ ತೆಗೆಯುವಾಗ ಹಳೆಯ ರಿಂಗ್‌ನ ದಪ್ಪ ನೋಡುವುದು ವ್ಯರ್ಥ. ವರ್ಷಗಟ್ಟಲೆ ಒತ್ತಡದಲ್ಲಿ ಕೂತು ಅದು ಚಪ್ಪಟೆ ಪಟ್ಟಿಯಾಗಿರುತ್ತದೆ. ಅದು ಕೂರುವ ಕಾಲುವೆಯ ಆಳ ಅಳೆಯಿರಿ. ಕಾಲುವೆಯ ಆಳ 1.5 ಮಿ.ಮೀ. ಇದ್ದರೆ 2 ಮಿ.ಮೀ. ದಪ್ಪದ ರಿಂಗ್ ಬೇಕು. ಬಿಗಿದಾಗ ರಿಂಗ್ ತನ್ನ ದಪ್ಪದ ಕಾಲು ಭಾಗದಷ್ಟು ಅಮುಕಿಕೊಳ್ಳಬೇಕು, ಆಗಲೇ ಗಾಳಿ ನಿಲ್ಲುವುದು. ಕಾಲುವೆಯ ಅಂಚಿಗೆ ಸಮನಾಗಿ ಕೂತ ರಿಂಗ್ ನೋಡಲು ಅಚ್ಚುಕಟ್ಟು, ಕೆಲಸಕ್ಕೆ ಸೊನ್ನೆ.

ಕಂಪನಿಯದೋ, ಹೊರಗಿನದೋ?

ಓ ರಿಂಗ್ ವಿಷಯದಲ್ಲಿ ಈ ಪ್ರಶ್ನೆಗೆ ತೂಕವೇ ಇಲ್ಲ. ಕಂಪನಿಯದೇ ಅಗ್ಗ, ಕಂಪನಿಯದನ್ನೇ ಕೊಳ್ಳಿ. ರಬ್ಬರ್ ಮ್ಯಾನಿಫೋಲ್ಡ್ ಬಂದಾಗ ಮಾತ್ರ ಬೆಲೆಯ ಅಂತರ ಕಣ್ಣಿಗೆ ಕಾಣುತ್ತದೆ. ಆರ್‌ಎಕ್ಸ್‌ನಂಥ ನಿಂತುಹೋದ ಗಾಡಿಗಳಿಗೆ ಅಸಲಿ ಸಿಗುವುದೇ ಕಷ್ಟ. ಸಿಕ್ಕಿದರೂ ಅದು ಹಳೆಯ ದಾಸ್ತಾನು. ರಬ್ಬರು ಪೊಟ್ಟಣದಲ್ಲಿ ಕೂತೂ ಮುದಿಯಾಗುತ್ತದೆ. ನೈಟ್ರೈಲ್‌ಗೆ ದಾಸ್ತಾನಿನ ಆಯಸ್ಸು ಸುಮಾರು ಏಳು ವರ್ಷ ಎಂದು ಲೆಕ್ಕ ಹಾಕುತ್ತಾರೆ. ಇಪ್ಪತ್ತೈದು ವರ್ಷ ಗೋದಾಮಿನಲ್ಲಿದ್ದ "ಒರಿಜಿನಲ್" ಎಂಬ ಹೆಸರಿಗೆ ಮನಸೋತು ದುಪ್ಪಟ್ಟು ಕೊಡುವುದಕ್ಕಿಂತ, ಈ ವರ್ಷ ತಯಾರಾದ ಒಳ್ಳೆಯ ಹೊರಗಿನ ಮಾಲು ನನ್ನ ಲೆಕ್ಕದಲ್ಲಿ ಮೇಲು. ಆರ್‌ಎಕ್ಸ್ ಪ್ರೇಮಿಗಳು ಇದನ್ನು ಒಪ್ಪುವುದಿಲ್ಲ ಎಂದು ಗೊತ್ತಿದೆ.

ಹೊರಗಿನದನ್ನು ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹೆಬ್ಬೆರಳಿಂದ ಕುತ್ತಿಗೆಯನ್ನು ಒಳಕ್ಕೆ ಅಮುಕಿ ಬಿಟ್ಟರೆ ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು. ಲೋಹದ ತಟ್ಟೆಗೆ ರಬ್ಬರು ಅಂಟಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಉಗುರು ತೂರುವಷ್ಟು ಬಿಟ್ಟುಕೊಂಡಿದ್ದರೆ ವಾಪಸು ಕೊಡಿ. ಒಳಗಡೆ ಅಚ್ಚಿನ ಗೆರೆ ಎದ್ದು ನಿಂತಿದ್ದರೆ ಕಾರ್ಬುರೇಟರಿನ ಬಾಯಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಹಳೆಯ ಗಾಡಿಯಿಂದ ಕಳಚಿದ ಗುಜರಿ ರಬ್ಬರ್ ಮಾತ್ರ ಯಾವ ಬೆಲೆಗೂ ಬೇಡ. ಲೋಹದ ಭಾಗವನ್ನು ಗುಜರಿಯಲ್ಲಿ ಕೊಳ್ಳಬಹುದು, ರಬ್ಬರನ್ನಲ್ಲ.

ಇನ್ನೊಂದು ಮಾತು. ಹೊರಮೈಯಲ್ಲಿ ಸಣ್ಣ ಬಿರುಕುಗಳನ್ನು ಕಂಡ ಕೂಡಲೇ ಮ್ಯಾನಿಫೋಲ್ಡ್ ಎಸೆಯಬೇಕಿಲ್ಲ. ಬಿಸಿಲು ಗಾಳಿಗೆ ರಬ್ಬರಿನ ಚರ್ಮ ಒಡೆಯುತ್ತದೆ. ಕಳಚಿ, ಬಗ್ಗಿಸಿ, ಒಳಮೈ ನೋಡಿ. ಬಿರುಕು ಒಳಗೂ ಕಂಡರೆ ಎಸೆಯಿರಿ. ಒಳಗೆ ನಯವಾಗಿದ್ದರೆ ಹೊಸದಕ್ಕೆ ಹೇಳಿಟ್ಟು, ಅದು ಬರುವವರೆಗೆ ಓಡಿಸಬಹುದು.

ಪೇಸ್ಟ್ ಎಂಬ ಆಸೆ

ಟ್ಯೂಬಿನಲ್ಲಿ ಬರುವ ಸಿಲಿಕೋನ್ ಪೇಸ್ಟ್ ನಮ್ಮ ಗ್ಯಾರೇಜುಗಳ ಸಂಜೀವಿನಿ. ಕ್ರ್ಯಾಂಕ್ ಕೇಸಿನಂಥ ಕಡೆ ಅದಕ್ಕೆ ಜಾಗವಿದೆ. ಇನ್‌ಟೇಕ್‌ನಲ್ಲಿ ಇಲ್ಲ. ಪೆಟ್ರೋಲ್ ಆವಿಗೆ ಅದು ಮೆತ್ತಗಾಗಿ ಉಬ್ಬುತ್ತದೆ, ಬಿಗಿದಾಗ ಒಳಗೆ ಉಕ್ಕಿದ ಅಂಚು ಒಂದು ದಿನ ಕಳಚಿ ವಾಲ್ವಿನ ದಾರಿ ಹಿಡಿಯುತ್ತದೆ. ರಿಂಗ್ ಇರುವ ಕಾಲುವೆಗೆ ಪೇಸ್ಟ್ ತುಂಬಿದರಂತೂ ರಿಂಗ್ ಅಮುಕಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ನಮ್ಮ ಸ್ಪ್ಲೆಂಡರಿನಲ್ಲಿ ಮೂರು ಸಲ ಕಾರ್ಬುರೇಟರ್ ತೊಳೆದವರು ಕೊನೆಯ ಸಲ ಇದನ್ನೂ ಮಾಡಿದ್ದರು. ಎರಡು ವಾರ ಚೆನ್ನಾಗಿ ಓಡಿತು. ಆ ಎರಡು ವಾರದ ಸುಖವೇ ಈ ಪದ್ಧತಿಯನ್ನು ಬದುಕಿಸಿಟ್ಟಿರುವುದು.

ಕಾಗದದ ಪ್ಯಾಕಿಂಗ್ ಇರುವ ಗಾಡಿಗಳಲ್ಲಿ ಒಣ ಪ್ಯಾಕಿಂಗ್ ಹಾಕಬಹುದು, ಅಥವಾ ಬೆರಳಿಗೆ ಹತ್ತಿದಷ್ಟು ಗ್ರೀಸ್ ಸವರಿ ಹಾಕಬಹುದು. ನಾನು ಗ್ರೀಸಿನ ಪಕ್ಷ, ಮುಂದಿನ ಸಲ ಬಿಚ್ಚುವಾಗ ಕೆರೆಯುವ ಕೆಲಸ ಇರುವುದಿಲ್ಲ. ಪ್ಯಾಕಿಂಗ್ ಹಾಳೆ ತಂದು ಮನೆಯಲ್ಲೇ ಕತ್ತರಿಸಿಕೊಳ್ಳುವುದೂ ಒಳ್ಳೆಯ ದಾರಿ. ಹಾಳೆಯನ್ನು ಕಾರ್ಬುರೇಟರ್ ಮುಖದ ಮೇಲಿಟ್ಟು ಹೆಬ್ಬೆರಳಿಂದ ಒತ್ತಿದರೆ ಅಂಚುಗಳ ಅಚ್ಚು ಬೀಳುತ್ತದೆ, ಕತ್ತರಿಯಿಂದ ಕತ್ತರಿಸಬಹುದು. ನಡುವಿನ ತೂತು ಕೊಳವೆಗಿಂತ ಕೂದಲೆಳೆ ದೊಡ್ಡದಿರಲಿ, ಚಿಕ್ಕದಾದರೆ ಅದೇ ಗಾಳಿಗೆ ಅಡ್ಡವಾಗುತ್ತದೆ.

ದಾರಿಯ ಮಧ್ಯೆ ಕೈಕೊಟ್ಟರೆ ಮಾತು ಬೇರೆ. ಚಾರ್ಮಾಡಿ ಘಾಟಿಯಲ್ಲಿ ರಬ್ಬರ್ ಕುತ್ತಿಗೆ ಸೀಳಿದಾಗ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ, ಮೇಲೆ ತಂತಿ ಕಟ್ಟಿ ಊರು ಸೇರಬಹುದು. ಎಳೆದು ಸುತ್ತಿದಾಗ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಇದ್ದರೆ ಇನ್ನೂ ಚೆನ್ನ. ಟೂ ಸ್ಟ್ರೋಕ್ ಆದರೆ ಹೀಗೆ ಕಟ್ಟಿದ ಮೇಲೆ ಥ್ರಾಟಲ್ ಅರ್ಧ ದಾಟಿಸಬೇಡಿ.

ಜಾಗ ಸೊಟ್ಟಗಿದ್ದರೆ

ಹೊಸ ರಿಂಗ್ ಹಾಕಿದ ಮೇಲೂ ಗಾಳಿ ಎಳೆಯುವ ಗಾಡಿಗಳಲ್ಲಿ ನಾನು ಕಂಡ ಕಾರಣ ಹೆಚ್ಚಾಗಿ ಒಂದೇ. ಕಾರ್ಬುರೇಟರಿನ ಮುಖಕ್ಕೆ ಎರಡು ಕಿವಿ, ಕಿವಿಗೊಂದು ನಟ್ಟು. ಲೋಹ ಮೆದು. ಗಾಳಿ ಎಳೆಯುತ್ತಿದೆ ಎಂದು ಒಬ್ಬರು ಬಿಗಿಯುತ್ತಾರೆ, ನಿಲ್ಲದಿದ್ದರೆ ಇನ್ನೊಬ್ಬರು ಇನ್ನಷ್ಟು ಬಿಗಿಯುತ್ತಾರೆ. ಕಿವಿಗಳು ಹೆಡ್ಡಿನ ಕಡೆಗೆ ಬಾಗಿ, ನಡುಭಾಗ ಬಾಳೆಹಣ್ಣಿನ ಒಳಬಾಗಿನಂತೆ ತಗ್ಗಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಬಿಗಿದರೂ ಮುಖದ ಎಲ್ಲ ಕಡೆ ಒಂದೇ ಸಮ ಒತ್ತಡ ಬೀಳುವುದಿಲ್ಲ, ಬಿಗಿದಷ್ಟೂ ಬಾಗುತ್ತದೆ.

ಇದನ್ನು ನೋಡಲು ಉಕ್ಕಿನ ಅಳತೆಪಟ್ಟಿ ಸಾಕು. ಅಂಚನ್ನು ಮುಖದ ಮೇಲೆ ಅಡ್ಡಲಾಗಿ, ಮೂಲೆಯಿಂದ ಮೂಲೆಗೆ ಇಟ್ಟು ಹಿಂದೆ ಟಾರ್ಚ್ ಹಿಡಿಯಿರಿ. ಬೆಳಕಿನ ಗೆರೆ ಕಂಡರೆ ಮುಖ ಬಾಗಿದೆ. ಸರಿಪಡಿಸುವುದಕ್ಕೆ ದಪ್ಪ ಗಾಜಿನ ತುಂಡೊಂದರ ಮೇಲೆ 400 ಅಥವಾ 600ರ ವಾಟರ್ ಪೇಪರ್ ಹಾಸಿ, ಸ್ವಲ್ಪ ನೀರು ಬಿಟ್ಟು, ಮುಖವನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಬೇಕು. ಹೆಚ್ಚು ಒತ್ತಬಾರದು. ನಾಲ್ಕಾರು ಸುತ್ತಿಗೊಮ್ಮೆ ತಿರುಗಿಸಿ ನೋಡಿದರೆ ಎಲ್ಲೆಲ್ಲಿ ಹೊಳಪು ಬಂದಿದೆ ಎಂಬುದರಿಂದಲೇ ಮುಖದ ಏರುತಗ್ಗಿನ ನಕ್ಷೆ ಸಿಗುತ್ತದೆ. ಹೊಳಪು ಎಲ್ಲ ಕಡೆ ಹರಡಿದ ಕೂಡಲೇ ನಿಲ್ಲಿಸಿ. ಉಜ್ಜಿದಷ್ಟೂ ರಿಂಗಿನ ಕಾಲುವೆ ಆಳ ಕಳೆದುಕೊಳ್ಳುತ್ತದೆ. ಕಾಲುವೆ ತೀರ ತೆಳುವಾದರೆ ರಿಂಗ್ ಮೇಲೆ ಎದ್ದು ನಿಂತು ಎರಡು ಮುಖಗಳು ಕೂಡುವುದೇ ಇಲ್ಲ. ಉಜ್ಜಿದ ಪುಡಿ ಒಂದು ಕಣವೂ ಉಳಿಯದಂತೆ ಜೆಟ್‌ಗಳನ್ನು ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಒಂದು ರೋಗ ಕಳೆದು ಇನ್ನೊಂದು ಹಿಡಿಸಿಕೊಂಡಂತೆ. ಕಪ್ಪು ಬಿಲ್ಲೆ ಬಾಗಿದ್ದರೆ ಅಥವಾ ಸೀಳಿದ್ದರೆ ಉಜ್ಜುವ ಗೋಜು ಬೇಡ, ಹೊಸದು ತನ್ನಿ.

ಹೊಸ ಕಾರ್ಬುರೇಟರ್ ಕೊಳ್ಳುವುದೋ ಹಳೆಯದರ ಮುಖ ಉಜ್ಜುವುದೋ ಎಂದು ಕೇಳಿದರೆ, ಮುಖವೊಂದೇ ಕೆಟ್ಟಿದ್ದರೆ ಉಜ್ಜುವುದು. ಆಕ್ಸಿಲರೇಟರ್ ಕೇಬಲ್ ಎತ್ತಿ ಇಳಿಸುವ ಸ್ಲೈಡ್ ಓಡಾಡುವ ಕೊಳವೆಯೂ ಸವೆದು ಕಟಕಟ ಎನ್ನುತ್ತಿದ್ದರೆ ಹೊಸದು. ನಮ್ಮ ಗಾಡಿ ಇನ್ನೂ ಅದೇ ಹಳೆಯ ಕಾರ್ಬುರೇಟರಿನಲ್ಲಿ ಓಡುತ್ತಿದೆ.

ಅಂಗಳವೋ, ಗ್ಯಾರೇಜೋ?

ಮೆಕ್ಯಾನಿಕ್ಕಿಗೆ ಹೋಲಿಸಿದರೆ ನಮ್ಮ ಬಳಿ ಅನುಭವ ಕಡಿಮೆ, ಹೊತ್ತು ಹೆಚ್ಚು. ಈ ಕೆಲಸ ಬೇಡುವುದು ಹೊತ್ತನ್ನೇ. ಸಾಲುಗಟ್ಟಿ ಗಾಡಿ ನಿಂತಿರುವ ಗ್ಯಾರೇಜಿನಲ್ಲಿ ಯಾರೂ ಗಾಜಿನ ಮೇಲೆ ಕಾಲು ಗಂಟೆ ಕಾರ್ಬುರೇಟರ್ ಉಜ್ಜುತ್ತಾ ಕೂರುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಬೇಕಾಗುವ ಸಾಮಾನು ಕೂಡ ಹೆಚ್ಚಿಲ್ಲ: 10ರ ಪಾನಾ ಅಥವಾ ಟಿ ಪಾನಾ, ಒಳ್ಳೆಯ ಸ್ಕ್ರೂಡ್ರೈವರ್, ಗಾಜು, ವಾಟರ್ ಪೇಪರ್. ಸ್ಕ್ರೂಡ್ರೈವರ್ ಬಗ್ಗೆ ಜಿಪುಣತನ ಬೇಡ. ಜಪಾನೀ ವಿನ್ಯಾಸದ ಗಾಡಿಗಳ ನಕ್ಷತ್ರದ ಸ್ಕ್ರೂಗಳಿಗೆ ಜೆಐಎಸ್ ಎಂಬ ತುದಿ ಬೇಕು, ಮಾಮೂಲಿಯದು ಹಾಕಿ ಒತ್ತಿ ತಿರುಗಿಸಿದರೆ ಜಾರಿ ತಲೆ ಕಿತ್ತುಹೋಗುತ್ತದೆ.

ರಾತ್ರಿಯಿಡೀ ತಣ್ಣಗಾದ ಎಂಜಿನ್, ಬಯಲು ಜಾಗ, ಮುಚ್ಚಿದ ಪೆಟ್ರೋಲ್ ನಲ್ಲಿ, ಖಾಲಿ ಮಾಡಿದ ಬಟ್ಟಲು. ಹತ್ತಿರದಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ಕಾರ್ಬುರೇಟರ್ ಕಳಚಿದ ಮರುಕ್ಷಣ ಹೆಡ್ಡಿನ ಬಾಯಿಗೆ ಬಣ್ಣದ ಬಟ್ಟೆಯೊಂದನ್ನು ತುರುಕಿ ತುದಿ ಹೊರಗೆ ನೇತಾಡುವಂತೆ ಬಿಡಿ. ಕಾಟನ್ ವೇಸ್ಟ್ ತುರುಕಿದರೆ ಎಳೆಯೊಂದು ಒಳಗೆ ಉಳಿಯುತ್ತದೆ, ಬಿಳಿ ಬಟ್ಟೆ ತುರುಕಿದರೆ ಮರೆತುಹೋಗುತ್ತದೆ. ಅಂಟಿದ ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆಯಬೇಡಿ, ಅಲ್ಯೂಮಿನಿಯಂ ಮೇಲೆ ಬಿದ್ದ ಗೀರು ಹೊಸ ಸೋರಿಕೆಗೆ ದಾರಿ. ಅವಧಿ ಮುಗಿದ ಎಟಿಎಂ ಕಾರ್ಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಬಿಗಿಯುವಾಗ ಎರಡು ನಟ್ಟುಗಳನ್ನೂ ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಕಾಲು ಸುತ್ತು ಇದು, ಕಾಲು ಸುತ್ತು ಅದು ಎಂದು ಸರದಿಯಲ್ಲಿ ಬಿಗಿಯಬೇಕು. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಸಲ್ಲುವುದು 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ 10 ಸೆಂ.ಮೀ. ಉದ್ದದ ಪಾನಾದ ತುದಿಗೆ ಸುಮಾರು 10 ಕಿಲೋ ತೂಗುಹಾಕಿದಷ್ಟು. ಕಾರ್ಬುರೇಟರ್ ನಟ್ಟಿಗೆ ನಾನು ಅದಕ್ಕಿಂತ ಕಡಿಮೆಯಲ್ಲೇ ನಿಲ್ಲುತ್ತೇನೆ. ಟಾರ್ಕ್ ಪಾನಾ ಇಲ್ಲದಿದ್ದರೆ ಪಾನಾವನ್ನು ನಟ್ಟಿನ ಹತ್ತಿರವೇ ಎರಡು ಬೆರಳಲ್ಲಿ ಹಿಡಿದು ಬಿಗಿಯಿರಿ, ಬೆರಳಿಗೆ ಸಾಕೆನ್ನಿಸಿದಾಗ ನಟ್ಟಿಗೂ ಸಾಕಾಗಿರುತ್ತದೆ.

ಗ್ಯಾರೇಜಿಗೇ ಹೋಗಬೇಕಾದ ಸಂದರ್ಭಗಳೂ ಇವೆ. ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಗೆ ನಟ್ಟು ಕೂರುವ ಉಕ್ಕಿನ ಸ್ಟಡ್ ಅಲ್ಯೂಮಿನಿಯಂಗೆ ಕಚ್ಚಿಕೊಂಡು ಸುತ್ತ ಬಿಳಿ ಪುಡಿ ಕೂತಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೋಡಿ. ಬೆಳಿಗ್ಗೆಯೂ ಕದಲದಿದ್ದರೆ ಉದ್ದದ ಪೈಪ್ ಹಾಕಿ ಎಳೆಯುವ ಶೌರ್ಯ ಬೇಡ. ಮುರಿದ ಸ್ಟಡ್ ತೆಗೆಯುವುದು, ಸವೆದುಹೋದ ಥ್ರೆಡ್ಡಿಗೆ ಹೊಸ ಥ್ರೆಡ್ ಕೂರಿಸುವುದು ಲೇತ್ ಅಂಗಡಿಯವರ ಕೆಲಸ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಯೆಜ್ಡಿಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಅಂಥ ಹಳೆಯ ಗಾಡಿಯ ಸ್ಟಡ್ ಮುಟ್ಟುವ ಮೊದಲು, ಅದೇ ಗಾಡಿಯನ್ನು ಜೀವಮಾನವಿಡೀ ಬಿಚ್ಚಿದ ಕೈಯನ್ನು ಹುಡುಕಿಕೊಂಡು ಹೋಗುವುದು ಲೇಸು.

ಎಲ್ಲ ಜೋಡಿಸಿ ಕಿಕ್ ಹೊಡೆದಾಗ ಒಂದು ಆಘಾತಕ್ಕೆ ಸಿದ್ಧರಾಗಿರಿ. ಎಂಜಿನ್ ಮೊದಲಿಗಿಂತ ವಿಚಿತ್ರವಾಗಿ ನಡೆದುಕೊಳ್ಳಬಹುದು, ಐಡ್ಲಿಂಗ್ ಗಗನಕ್ಕೇರಬಹುದು, ಇಲ್ಲವೇ ಕಪ್ಪು ಹೊಗೆ ಕಕ್ಕಿ ನಿಂತುಬಿಡಬಹುದು. ಸೋರಿಕೆಗೆ ಹೊಂದಿಸಲೆಂದು ಇಷ್ಟು ದಿನ ತಿರುಗಿಸಿದ ಸ್ಕ್ರೂಗಳೆಲ್ಲ ಈಗ ತಪ್ಪು ಜಾಗದಲ್ಲಿವೆ. ಐಡ್ಲಿಂಗ್ ಸ್ಕ್ರೂ ಇಳಿಸಿ, ಏರ್ ಸ್ಕ್ರೂವನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದ ಸುತ್ತಿಗೆ ತಂದು, ಎಂಜಿನ್ ಬಿಸಿಯಾದ ಮೇಲೆ ಮತ್ತೆ ಹೊಂದಿಸಿ. ಮಧ್ಯೆ ಯಾರಾದರೂ ದೊಡ್ಡ ಜೆಟ್ ಹಾಕಿಸಿದ್ದರೆ ಹಳೆಯದನ್ನು ಮರಳಿ ಹಾಕಬೇಕು. ಏರ್ ಸ್ಕ್ರೂವಿನ ಕಾಲು ಸುತ್ತಿಗೂ ಎಂಜಿನ್ ದನಿ ಬದಲಾಗುತ್ತಿದ್ದರೆ ಸೀಲ್ ಹಿಡಿದಿದೆ. ನೂರು ಕಿಲೋಮೀಟರ್ ಓಡಿಸಿ ಪ್ಲಗ್ ತೆಗೆದು ನೋಡಿ: ನಮ್ಮದರ ತುದಿ ಹುರಿದ ಗೋಧಿಯ ಬಣ್ಣಕ್ಕೆ ತಿರುಗಿತ್ತು.